ಇಳಿದ ಬಾವು

ಮಂಗಳವಾರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು ಏಳು ಖಾನೆಯ ಮಾತ್ರೆ ಡಬ್ಬಿಯನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟಳು. ಬಂದರಿನಲ್ಲಿ ಕ್ರೇನ್ ಚಾಲಕನಾಗಿದ್ದ ಅವಳ ತಮ್ಮ ಭಾನುವಾರ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ್ದ. ಎದೆನೋವು ಬಾರದಿರಲೆಂದು ರಕ್ತನಾಳ ಸಡಿಲಿಸುವ ಮಾತ್ರೆಯೊಂದನ್ನು ಅವನು ದಿನಾ ನುಂಗಬೇಕಿತ್ತು. ಡಬ್ಬಿಯಲ್ಲಿರುವುದು ಅದಲ್ಲ, ಬರೀ ವಿಟಮಿನ್ ಎಂದು ನರ್ಸ್ ಹೇಳಿದ್ದಳು.

"ಒಬ್ಬ ತಮ್ಮನ್ನ ಆ ಕ್ರೇನು ತಿಂತು ಸಾರ್. ಇವನನ್ನ ಔಷಧಿ ಅಂಗಡಿಯವನು ತಿಂತಿದ್ದ."

ಎಫ್‌ಐಆರ್ ದಾಖಲಾಯಿತು. ಪಾಪ, ಅಂಗಡಿಯವನು ಇಡೀ ಕಡತವನ್ನೇ ತಂದು ಮುಂದಿಟ್ಟ. ಬಿಲ್ಲುಗಳೆಲ್ಲ ಸರಿಯಾಗಿದ್ದವು. ಮಾತ್ರೆಗಳು ಸ್ಟ್ರಿಪ್ಪಿನಲ್ಲಿ ಸೀಲಾಗಿ ಬರುತ್ತವೆ, ಬಿಚ್ಚಿ ಡಬ್ಬಿಗೆ ತುಂಬುವವರು ಮನೆಯವರು ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಹೊರಟಿದ್ದೆವು ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ.

ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆ. ಇನ್ಸ್‌ಪೆಕ್ಟರ್ ಮೊದಲು ನೋಡಿದ್ದು ರೋಗಿಯ ಪಾದಗಳನ್ನು. ಇನ್ಸ್‌ಪೆಕ್ಟರನೂ ಕಾಲು ಊದಿಸುವ ಅದೇ ಮಾತ್ರೆಯ ಗಿರಾಕಿ. ದಿನಾ ಸಂಜೆ ಕಾಲುಚೀಲದ ಗುರುತು ಅವನ ಊದಿದ ಕಾಲಿನಲ್ಲಿ ಅಚ್ಚೊತ್ತಿರುತ್ತಿತ್ತು.

"ಕಾಲು ಊದ್ತಿತ್ತಾ?"

"ಶೂ ಹಿಡೀತಿರಲಿಲ್ಲ. ಒಂದೂವರೆ ತಿಂಗಳ ಹಿಂದೆ ಇಳೀತು."

"ನೋವು?"

ಚಾಲಕ ಮುಖ ತಿರುಗಿಸಿದ. "ಆವಾಗಿಂದ್ಲೇ ಶುರು. ಯಾರಿಗೂ ಹೇಳಲಿಲ್ಲ. ಹಳೇ ಎದೆನೋವಿಗೆ ಕೆಲಸದಿಂದ ಇಳಿಸಿದ್ರು, ಮೂರು ತಿಂಗಳು ನೋವಿಲ್ಲ ಅಂದ್ರೆ ಮಾತ್ರ ಡಾಕ್ಟರು ಮತ್ತೆ ಕ್ರೇನ್ ಹತ್ತೋಕೆ ಬಿಡ್ತಿದ್ರು."

ಬಾವು ಇಳಿಯಿತೆಂದು ಹಿಗ್ಗಿದ್ದನಂತೆ ಮಹಾರಾಯ! ಮದ್ದು ಹೊಟ್ಟೆಗೆ ಹೋಗದಿದ್ದರೆ ಬಾವು ಎಲ್ಲಿಂದ ಬರಬೇಕು? ಪ್ರತಿ ವಾರ ಡಬ್ಬಿ ತುಂಬುವವಳು ಹೆಂಡತಿ ಎಂಬುದೂ ಅವನ ಬಾಯಿಂದಲೇ ಬಂತು.

ಐದೂವರೆಗೆ ಚಾಲಕನ ಮನೆಯಲ್ಲಿ ಇಬ್ಬರು ನೆರೆಯವರ ಎದುರು ಪಂಚನಾಮೆ ನಡೆಯಿತು. ಸೂಜಿದಾರದ ಡಬ್ಬಿಯೊಳಗೆ ಅಸಲಿ ಮಾತ್ರೆ ನಲವತ್ತೆರಡು. ಮದ್ದು ಎಸೆಯಲು ಮನಸ್ಸಾಗಲಿಲ್ಲವೆಂದು ಹೆಂಡತಿ ತಾನೇ ಒಪ್ಪಿಕೊಂಡಳು. ಹೋದ ವರ್ಷ ಕ್ರೇನಿನಿಂದ ಬಿದ್ದು ಸತ್ತ ಮೈದುನನನ್ನು ಎಂಟು ವರ್ಷದವನಿದ್ದಾಗಿನಿಂದ ಸಾಕಿದವಳು ಅವಳು. ಅದೇ ಕ್ರೇನಿಗೆ ಗಂಡ ಮತ್ತೆ ಹೊರಟು ನಿಂತಿದ್ದ. ಬೇಡವೆಂದು ಕಾಲಿಗೆ ಬಿದ್ದರೂ ಕೇಳಲಿಲ್ಲ. ಒಮ್ಮೆ ನೋವು ಬಂದರೆ ಡಾಕ್ಟರೇ ತಡೆಯುತ್ತಾರೆಂದು ಅವಳು ಎಣಿಸಿದ್ದಳು.

"ನೋವು ಬಂದಿತ್ತಮ್ಮ," ಎಂದ ಇನ್ಸ್‌ಪೆಕ್ಟರ್. "ಮೊದಲನೇ ವಾರದಿಂದ್ಲೇ. ನಿಮಗೂ ಹೇಳಲಿಲ್ಲ, ಅಷ್ಟೆ."

ಅವಳು ಗೋಡೆ ಹಿಡಿದು ಕೂತಳು.

"ದಿನಾ ಕೇಳ್ತಿದ್ದೆ ಸಾರ್. ಏನಿಲ್ಲ ಕಣೆ ಅಂತ ನಗ್ತಿದ್ರು. ಒಂದೇ ಒಂದ್ಸಲ ನೋವು ಅಂದಿದ್ರೆ ಅವತ್ತೇ ನಿಜವಾದ ಮಾತ್ರೆ ಕೊಟ್ಬಿಡ್ತಿದ್ದೆ."

ಇನ್ಸ್‌ಪೆಕ್ಟರ್ ಡೈರಿ ತೆರೆದ. ಕಾನೂನು ಕಾನೂನೇ. ಆರು ಹತ್ತಕ್ಕೆ ಬಂಧನ ಎಂದು ಬರೆದುಕೊಂಡ.

ಮಹಿಳಾ ಪೇದೆ ತೋಳು ಹಿಡಿದಾಗ ಅವಳು ತಿರುಗಿ ಕೇಳಿದಳು: "ಇನ್ನು ಅವರು ಕ್ರೇನ್ ಹತ್ತಲ್ಲ ತಾನೆ?"

ಈ ಜನ್ಮದಲ್ಲಿ ಸಾಧ್ಯವಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಇನ್ಸ್‌ಪೆಕ್ಟರ್ ತಿಳಿಸಿದ. ಅವಳು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಜೀಪಿನತ್ತ ನಡೆದಳು.