ನಾಲ್ಕು ಸಾಲಿನ ತೇಪೆ

"ಥೂ!"

ಕೀಬೋರ್ಡಿಗೆ ಅಂಟಿಕೊಂಡ ಬೆರಳನ್ನು ಅವಳು ಕಿತ್ತುಕೊಂಡಳು. ಪಕ್ಕದಲ್ಲಿ ಬೂಷ್ಟು ಹಿಡಿದ ಕಾಫಿ ಕಪ್ಪು, ಅರ್ಧ ಕಚ್ಚಿಟ್ಟ ಬ್ರೆಡ್ಡು... ಬ್ರೈಲ್ ಮುದ್ರಣಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಮೊನ್ನೆ ಸೇರಿದ ಈ ಮಹಾಶಯನ ಕೋಣೆಗೆ, ಮೇಲಿನ ಮಹಡಿಯಲ್ಲಿ ಕೆಲಸ ಮಾಡುವ ಅವಳು ಕಾಲಿಟ್ಟಿದ್ದು ಇದೇ ಮೊದಲು.

"ನನ್ನ ತೇಪೆ ಅಳಿಸಿದ್ದು ನೀವೇ ತಾನೇ?"

"ಯಾವ ತೇಪೆ?"

ಯಾವ ತೇಪೆಯಂತೆ! ಮುದ್ರಣದ ಸಾಫ್ಟ್‌ವೇರ್ ಪ್ರತಿ ಪುಟದ ಕೊನೆಯ ಸಾಲನ್ನು ನುಂಗುತ್ತಿತ್ತು. ಅದರ ಮೂಲ ಕೋಡ್ ಬಿಚ್ಚಿ, ನಾಲ್ಕೇ ಸಾಲಿನ ತೇಪೆ ಹಾಕಿ ಸರಿಮಾಡಿದ್ದವಳು ಅವಳು. ಇವತ್ತು ಅಚ್ಚಾದ ಪ್ರಶ್ನೆಪತ್ರಿಕೆಯ ಮೇಲೆ ಬೆರಳಾಡಿಸಿದ, ಅಲ್ಲೇ ಕರಡು ನೋಡುವ ಅವಳ ಕಣ್ಣಿಲ್ಲದ ತಂಗಿ, "ಅಕ್ಕಾ, ಕೊನೇ ಪ್ರಶ್ನೆನೇ ಇಲ್ವಲ್ಲೇ!" ಎಂದಿದ್ದಳು. ಅಂಧರ ಶಾಲೆಯ ಮಕ್ಕಳಿಗೆ ನಾಳೆಯೇ ಪರೀಕ್ಷೆ.

"ಗಲೀಜು ಮನುಷ್ಯ! ನಿಮ್ಮನ್ನ ಕೆಲಸದಿಂದ ತೆಗೀರಿ ಅಂತ ಇವತ್ತೇ ಬರೆದುಕೊಡ್ತೀನಿ!"

"ಒಂದು ಗಂಟೆ ಟೈಮ್ ಕೊಡಿ," ಎಂದನಷ್ಟೇ.

ಅವಳು ದೂರು ಬರೆದೇಬಿಟ್ಟಳು. ಮ್ಯಾನೇಜರರ ಬಾಗಿಲಲ್ಲಿ ತಂಗಿ ಅಡ್ಡ ಬಂದಳು.

"ಹೊಸ ಹಾಳೆ ಬಂತು ಕಣೇ. ಕೊನೇ ಪ್ರಶ್ನೆ ಇದೆ!"

ಅವಳು ಓಡಿಹೋಗಿ ತನ್ನ ಕಂಪ್ಯೂಟರ್ ತೆರೆದಳು. ನಿನ್ನೆ ಮುದ್ರಣದ ಸಾಫ್ಟ್‌ವೇರ್ ಪ್ಯಾಕೇಜ್ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಹೊಸ ಫೈಲು ಬಂದು ಅವಳು ತಿದ್ದಿದ ಫೈಲಿನ ಮೇಲೆ ಕೂತಿತ್ತು. ಇನ್‌ಸ್ಟಾಲ್ ಆದ ಫೈಲನ್ನೇ ನೇರವಾಗಿ ತಿದ್ದಿ, ಯಾರಿಗೂ ಹೇಳದೆ ಎದ್ದು ಹೋದವಳು... ತಾನೇ!

ಅವನು ಹಳೆಯ ಬ್ಯಾಕಪ್‌ನಿಂದ ಆ ನಾಲ್ಕು ಸಾಲನ್ನು ಹುಡುಕಿ ತೆಗೆದು, ಪ್ಯಾಕೇಜನ್ನು ಕಟ್ಟುವ ಹಂತದಲ್ಲೇ ಸೇರಿಸಿದ್ದ. ಇನ್ನು ಎಷ್ಟು ಸಲ ಹೊಸದು ಬಂದರೂ ಅದು ಉಳಿಯುತ್ತದೆ. ಮೇಲೊಂದು ಟಿಪ್ಪಣಿ: "ಬರೆದವರು ಮೇಲಿನ ಮಹಡಿಯ ಮೇಡಂ. ಮಕ್ಕಳಿಗೆ ಬೇಕು. ತೆಗೆಯಬೇಡಿ."

ಛೀ! ಎಂಥ ಮಾತಾಡಿಬಿಟ್ಟೆ... ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ದೂರಿನ ಹಾಳೆಯನ್ನು ಹರಿದು ಮತ್ತೆ ಅದೇ ಕೋಣೆಗೆ ಬಂದಳು.

"ತಪ್ಪು ನನ್ನದೇ ಅಂತ ನಂಗೆ ಆಗಲೇ ಹೇಳ್ಬಾರ್ದಿತ್ತಾ?"

"ನೀವು ಬಾಯಿ ತೆರೆಯೋಕೆ ಬಿಟ್ರೆ ತಾನೇ!" ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. "ಆ ನಾಲ್ಕು ಸಾಲು ಓದಿದೆ. ಎಷ್ಟು ಅಚ್ಚುಕಟ್ಟು! ಇದನ್ನ ಬರೆದವರನ್ನ ದಿನಾ ನೋಡ್ಬೇಕು ಅನ್ನಿಸ್ತು... ಬೈಸ್ಕೊಂಡಾದ್ರೂ."

ಅವಳ ಎದೆ ಜೋರಾಗಿ ಬಡಿದುಕೊಂಡಿತು. ಕಣ್ಣು ಮಾತ್ರ ಆ ಬೂಷ್ಟು ಹಿಡಿದ ಕಪ್ಪಿನ ಮೇಲೇ ಇತ್ತು.

"ಇದು ನಿಮ್ದೇನಾ?"

"ಹೂಂ... ನಂದೇ."

"ಥೂ! ಮೊದ್ಲು ಇದನ್ನ ತೊಳ್ಕೊಂಡು ಬನ್ನಿ."

"ಆಮೇಲೆ?"

"ಆಮೇಲೆ..." ಅವಳು ಅಂಟಂಟು ಕೀಬೋರ್ಡನ್ನು ಸೆರಗಿನ ತುದಿಯಿಂದಲೇ ಒರೆಸತೊಡಗಿದಳು. "ಎರಡು ಕಪ್ ಕಾಫಿ ತನ್ನಿ."