ಮಾವ್ರೊನೇರಿಯ ಕಪ್ಪು ಬುರುಡೆ

ಫೆಬ್ರವರಿಯ ಕೊನೆಯ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಝಂಬೇತ ಮಾವ್ರೊನೇರಿಯಿಂದ ಬೆಟ್ಟ ಇಳಿದು ಠಾಣೆಗೆ ಬಂದಳು. ಹೂತ ಐದು ವರ್ಷಕ್ಕೆ ಗೋರಿಯಿಂದ ತೆಗೆದ ಎಲುಬುಗಳನ್ನು ಇಡುವ ಚರ್ಚಿನ ಕೋಣೆಯಿಂದ ಅವಳ ಗಂಡ ಸ್ಟೆರ್ಗಿಯೊಸ್‌ನ ತಲೆಬುರುಡೆ ಕಳವಾಗಿತ್ತು.

"ನಾಡಿದ್ದು ಸತ್ತವರ ಶನಿವಾರ, ಸಾಹೇಬ್ರೇ. ಪಾದ್ರಿ ಹೆಸರು ಕೂಗಿದಾಗ ತಲೆಯೇ ಇಲ್ದೆ ಹೇಗೆ ಓಗೊಡ್ತಾರೆ?"

ಇನ್‌ಸ್ಪೆಕ್ಟರ್ ವ್ರೆಟ್ಟೊಸ್ ನಗಲಿಲ್ಲ. ಅವನೂ ಬೆಟ್ಟದವನೇ. ಎಫ್‌ಐಆರ್ ದಾಖಲಿಸಿ, ಅವಳನ್ನೂ ಪೇದೆ ಲಾಂಬ್ರೊಸ್‌ನನ್ನೂ ಕರೆದುಕೊಂಡು ಜೀಪು ಹತ್ತಿದ.

ಹನ್ನೊಂದಕ್ಕೆ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಬೀಗದಕೈ ಚರ್ಚಿನ ಬಾಗಿಲ ಹಿಂದಿನ ಮೊಳೆಯಲ್ಲಿರುವುದು ಊರಿಗೇ ಗೊತ್ತು. ಪೆಟ್ಟಿಗೆಯಲ್ಲಿ ಉಳಿದ ಎಲುಬುಗಳೆಲ್ಲ ಇದ್ದವು, ಕರ್ರಗೆ. ಬುರುಡೆಯ ಜಾಗದಲ್ಲಿ ಯಾರೋ ಒಣಗಿದ ಕಾಮಕಸ್ತೂರಿಯ ಕಡ್ಡಿ ಇಟ್ಟಿದ್ದರು.

"ಕಳ್ಳನಿಗೂ ಭಕ್ತಿ ಬಂದಿದೆ ಸಾರ್," ಎಂದ ಲಾಂಬ್ರೊಸ್.

ವ್ರೆಟ್ಟೊಸ್ ಝಂಬೇತಳ ಕಡೆ ತಿರುಗಿದ. "ಗೋರಿಯಿಂದ ಎಲುಬು ತೆಗೆದದ್ದು ಯಾವಾಗ?"

"ಅಕ್ಟೋಬರಲ್ಲಿ. ಐದು ವರ್ಷ ತುಂಬಿತ್ತು. ದ್ರಾಕ್ಷಾರಸದಲ್ಲಿ ತೊಳೆದ್ರೂ ಇದ್ದಿಲಿನ ಹಾಗೇ ಇದ್ವು."

"ಊರವರು ಏನಂದ್ರು?"

"ಶಾಪ ಅಂದ್ರು."

"ಯಾರದು?"

"ಡೆಸ್ಪೊದು. ಇವರು ಓಡಿಸ್ತಿದ್ದ ಟ್ರ್ಯಾಕ್ಟರ್ ಮಗುಚಿ ಅವಳ ಒಬ್ಬನೇ ಮಗ ಸತ್ತ. 'ನಿನ್ನ ಎಲುಬು ಕರ್ರಗಾಗ್ಲಿ' ಅಂತ ನಡುಬೀದೀಲಿ ನಿಂತು ಅಂದಿದ್ಲು."

ಮೂವರೂ ಹೋದಾಗ ಡೆಸ್ಪೊಳ ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬುರುಡೆ. ಮುದುಕಿ ಅದನ್ನು ಮಗುವಿನ ತಲೆಯಂತೆ ಹಿಡಿದು ತೊಳೆಯುತ್ತಿದ್ದಳು.

"ಬಂದ್ರಾ? ಎಷ್ಟು ತೊಳೆದ್ರೂ ಬೆಳ್ಳಗಾಗ್ತಿಲ್ಲ."

"ಯಾಕಜ್ಜಿ ತಂದ್ರಿ?"

"ಎಲುಬು ತೆಗೆದಾಗಿಂದ ಸ್ಟೆರ್ಗಿಯೊಸ್ ಬಂದು ಬಾಗಿಲು ತಟ್ತಾನೆ. ತೆಗೆದ್ರೆ ಒಳಗೆ ಬರಲ್ಲ, ಟೋಪಿ ಕೈಲಿ ಹಿಡ್ಕೊಂಡು ನಿಂತಿರ್ತಾನೆ. ಕ್ಷಮಿಸಿದೀನಿ ಕಣೋ, ಹೋಗು ಅಂದೆ. ಹೋಗಲ್ಲ."

ಬಕೆಟ್ಟಿನ ಒಳಮೈಗೆ ಕಪ್ಪು ಕಟ್ಟಿತ್ತು. ವ್ರೆಟ್ಟೊಸ್ ಬೆರಳಿನಿಂದ ಉಜ್ಜಿ ನೋಡಿದ.

"ನೀರು ಎಲ್ಲಿಯದು?"

"ಸ್ಮಶಾನದ ಮೇಲಿನ ಒರತೇದು. ಸತ್ತವರಿಗೆ ನಲ್ಲಿ ನೀರು ಆಗುತ್ತಾ?"

"ಅಜ್ಜಿ, ಮಾವ್ರೊನೇರಿ ಅಂದ್ರೆ ಕಪ್ಪು ನೀರು. ಒಗೆದ ಬಟ್ಟೆ ಕಪ್ಪಾಗುತ್ತೆ ಅಂತ ನಿಮ್ಮ ಹಿರಿಯರೇ ಇಟ್ಟ ಹೆಸರು. ನಲ್ಲಿ ಬಂದ ಮೇಲೆ ಮರೆತ್ರಿ. ಆ ನೀರು ಗೋರಿಗೂ ಇಳಿದಿದೆ. ನಿಮ್ಮ ಶಾಪ ಅಲ್ಲ."

ಅವಳ ಮುಖ ಒಂದು ಕ್ಷಣ ಅರಳಿತು. ಮರುಕ್ಷಣ ಬಾಡಿತು.

"ಪಕ್ಕದ ಗೋರಿ ನನ್ನ ಮಗಂದು. ಅವನ ಎಲುಬು ಹಾಲಿನ ಹಾಗೆ ಬೆಳ್ಳಗೆ ಬಂದ್ವಲ್ಲ, ಸಾಹೇಬ್ರೇ?"

ವ್ರೆಟ್ಟೊಸ್ ಬೆರಳಿನ ಕಪ್ಪನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಲಾಂಬ್ರೊಸ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

ಮಧ್ಯಾಹ್ನ ಮೂರಕ್ಕೆ ಮುದುಕಿಯ ಬಂಧನವಾಯಿತು. ಬುರುಡೆಯನ್ನು ಮಡಿಲಿಗೆ ತೆಗೆದುಕೊಂಡ ಝಂಬೇತ ಜೀಪಿನ ಬಳಿ ಡೆಸ್ಪೊಳನ್ನು ತಡೆದಳು.

"ನಿಜವಾಗ್ಲೂ ಬರ್ತಾರಾ?"

"ದಿನಾ ಬರ್ತಾನೆ ಕಣೇ."

"ನನ್ನ ಮನೆಗೆ ಒಂದು ಸಲವೂ ಬಂದಿಲ್ಲ," ಎಂದು ಝಂಬೇತ ಅಳತೊಡಗಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆ ಠಾಣೆಯಲ್ಲಿ ವ್ರೆಟ್ಟೊಸ್ ಕೃತ್ಯದ ಉದ್ದೇಶ ಎಂಬಲ್ಲಿ ಬರೆದ: ಆಡಿದ ಮಾತನ್ನು ಹಿಂದಕ್ಕೆ ಪಡೆಯಲು.