ಗಾಜಿನೊಳಗಿನ ತಮ್ಮ

ಬಹಳ ಹಿಂದೆ, ಗಿಳಿಗಳು ಇನ್ನೂ ಸುಳ್ಳು ಹೇಳಲು ಕಲಿಯದಿದ್ದ ಕಾಲದಲ್ಲಿ, ಏಳು ಕೆರೆಗಳ ಆಚೆ ಬಣ್ಣಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಕೆಂಚಾಂಬೆ ಎಂಬವಳು ಗಾಜಿನ ಮೇಲೆ ಚಿತ್ರ ಬರೆದು ತಾಯಿಯನ್ನೂ ತಮ್ಮ ಬೊಮ್ಮನನ್ನೂ ಸಾಕುತ್ತಿದ್ದಳು. ಗಾಜಿನ ಚಿತ್ರದ ರೀತಿಯೇ ತಿರುಗುಮುರುಗು. ಗಾಜಿನ ಬೆನ್ನ ಮೇಲೆ ಬರೆಯಬೇಕು, ಮುಂದಿನಿಂದ ನೋಡಬೇಕು. ಮೊದಲು ಕಣ್ಣು ಮೂಗು, ಆಮೇಲೆ ಮೈ, ಕಟ್ಟಕಡೆಗೆ ಹಿಂದಿನ ಬೆಟ್ಟ ಬಯಲು. ಬರೆಯುವಾಗ ಎಡವಾದದ್ದು ನೋಡುವಾಗ ಬಲ.

ಅದೇ ಊರಿನಲ್ಲಿ, ತನಗಾಗದವರನ್ನು ಚಿತ್ರ ಮಾಡಿ ಗೋಡೆಗೆ ತೂಗಿಹಾಕುವ ಕಾಡಿಗೆರಾಯ ಎಂಬ ಮಂತ್ರವಾದಿಯಿದ್ದ. ಮುಖ ಸುಟ್ಟ ಬದನೆಕಾಯಿ, ಜಂಬ ಮಾತ್ರ ಮನ್ಮಥನದು. ಒಂದು ಬೆಳಿಗ್ಗೆ ತನ್ನ ಚಿತ್ರವನ್ನು ತಾನೇ ಬರೆದು ಬೀದಿಯಲ್ಲಿ ಮೆರೆಸಿದ. ಬೊಮ್ಮನಿಗೆ ಬಾಯಿ ಹಿಡಿತವಿಲ್ಲ.

"ಯಾರದು ಸ್ವಾಮೀ ಈ ಚಿತ್ರ? ನಿಮ್ಮದಂತೂ ಅಲ್ಲ!" ಎಂದು ನಕ್ಕುಬಿಟ್ಟ.

ಮಂತ್ರವಾದಿ ಹಿಡಿ ಬೂದಿ ಎರಚಿದ. ಬೊಮ್ಮ ಒಂದು ಗಾಜಿನೊಳಗೆ ಚಿತ್ರವಾಗಿ ಹೋದ. ಸುತ್ತ ಉರಿಯುವ ಕಡಲು, ನಡುವೆ ಬೋಳು ಬಂಡೆ, ಬಂಡೆಯ ಮೇಲೆ ಇವನು.

"ಹೊತ್ತು ಮುಳುಗುವುದರೊಳಗೆ ದಾರಿ ತೋರಿಸಿ ಕರೆದುಕೋ. ಇಲ್ಲವಾದರೆ ಅವನು ಎಂದೆಂದಿಗೂ ಚಿತ್ರವೇ" ಎಂದು ಗಾಜನ್ನು ಅಕ್ಕನ ಕೈಗೆ ಕೊಟ್ಟು, ಮೋಜು ನೋಡಲು ಅವರ ಮನೆಯ ಜಗಲಿಯ ಮೇಲೆ ಕುಳಿತ.

ಕೆಂಚಾಂಬೆ ತಾನು ಬರೆದ ದೋಣಿಯ ಗಾಜನ್ನು ತಮ್ಮನ ಗಾಜಿನ ಮೇಲಿಟ್ಟು ಬಿಸಿಲಿಗೆ ಹಿಡಿದಳು. ಎರಡು ಚಿತ್ರ ಒಂದಾದವು. ಆದರೆ ದೋಣಿ ಕಡಲಿಗೆ ಇಳಿಯಲಿಲ್ಲ, ಬೊಮ್ಮನ ಸೊಂಟಕ್ಕೆ ಅಂಟಿತು.

"ಅಕ್ಕಾ, ನನ್ನ ಕಾಲೆಲ್ಲಿ ಹೋದ್ವು?"

ದೋಣಿ ತೆಗೆದು ರೆಕ್ಕೆಯ ಕುದುರೆಯನ್ನು ಇಟ್ಟಳು. ಕುದುರೆಯ ಕುತ್ತಿಗೆಯೇ ಬೊಮ್ಮನ ಕುತ್ತಿಗೆಯಾಯಿತು.

"ಬೇಗ ತೆಗಿಯೇ ಅಕ್ಕಾ! ನಂಗೆ ಹುಲ್ಲು ತಿನ್ನೋ ಆಸೆ ಆಗ್ತಾ ಇದೆ!"

ಕಾಡಿಗೆರಾಯ ಹೊಟ್ಟೆ ಹಿಡಿದು ನಕ್ಕ. ಸೂರ್ಯ ಬೆಟ್ಟಕ್ಕೆ ತಾಗಿದ. ಮಧ್ಯಾಹ್ನದಿಂದ ಮಗನ ತಟ್ಟೆಯ ಮುಂದೆ ಕುಳಿತಿದ್ದ ತಾಯಿ ಆಗ ಬಾಯಿಬಿಟ್ಟಳು.

"ಊರೂರು ಸುತ್ತೋ ದೋಣಿ, ಕುದುರೆ ಯಾಕೇ ಮಗಳೇ? ಅವನು ಬರಬೇಕಾದ್ದು ಮನೆಗಲ್ವಾ?"

ಕೆಂಚಾಂಬೆ ಗೋಡೆಯತ್ತ ನೋಡಿದಳು. ಚಿತ್ರ ಕಲಿಯುವಾಗ ಬರೆದ ಸ್ವಂತ ಮನೆಯ ಬಾಗಿಲಿನ ಗಾಜು ಅಲ್ಲಿ ನೇತಾಡುತ್ತಿತ್ತು. ಬರೆದು ಮುಗಿದ ಹಿನ್ನೆಲೆಗೆ ಉಗುರು ತಾಗಿಸಬಾರದು ಎಂಬುದು ಗಾಜಿನ ಚಿತ್ರಗಾರರ ನೇಮ. ಆ ನೇಮವೇ ಇಷ್ಟು ಹೊತ್ತು ಅವಳ ಬುದ್ಧಿಗೆ ಮಂಕು ಕವಿಸಿತ್ತು. ಕಡೆಗೆ ಬರೆದ ಬಣ್ಣ ಎಲ್ಲಕ್ಕಿಂತ ಹಿಂದಿರುತ್ತದೆ, ಅದನ್ನು ಕೆರೆದರೆ ತಮ್ಮನಿಗೆ ನೋವಿಲ್ಲ! ಗಾಜು ಮಗುಚಿ ಉಗುರಿನಿಂದ ಕಡಲನ್ನು ಕೆರೆದಳು, ಬಂಡೆಯನ್ನು ಕೆರೆದಳು. ತಮ್ಮನ ಹಿಮ್ಮಡಿಯ ಬಳಿ ಬಂದಾಗ ಮಾತ್ರ ಉಸಿರು ಬಿಗಿಹಿಡಿದಳು. ಬರಿಯ ಗಾಜಿನಲ್ಲಿ ಬೊಮ್ಮನೊಬ್ಬನೇ ಉಳಿದ. ಅವನ ಹಿಂದಕ್ಕೆ ಮನೆಯ ಬಾಗಿಲಿನ ಗಾಜನ್ನು ಇಟ್ಟು, ಕೊನೆಯ ಬಿಸಿಲಿಗೆ ಹಿಡಿದಳು.

ಚಿತ್ರದ ಬಾಗಿಲನ್ನು ಬೊಮ್ಮ ತಳ್ಳಿದ. ಅವರ ಮನೆಯ ಬಾಗಿಲು ಕಿರ್ರೆಂದಿತು. ಬೊಮ್ಮ ಒಳಗೆ ಬಂದ.

"ಎಲ್ಲಿಗೋ ಓಡ್ತೀಯ?" ಎಂದು ಕಾಡಿಗೆರಾಯ ಅದೇ ಚಿತ್ರದ ಬಾಗಿಲಿನಿಂದ ಅವನ ಬೆನ್ನಟ್ಟಲು ಗಾಜಿನೊಳಗೆ ಹಾರಿದ. ಕೆಂಚಾಂಬೆ ಹಿಂದಿಟ್ಟಿದ್ದ ಬಾಗಿಲಿನ ಗಾಜನ್ನು ಸರಕ್ಕನೆ ಎಳೆದುಕೊಂಡಳು. ಬಾಗಿಲಿಲ್ಲ, ನೆಲವಿಲ್ಲ, ಮಂತ್ರವಾದಿ ಬರಿಯ ಗಾಜಿನಲ್ಲಿ ಕಾಲು ಬಡಿದ. ಅವನ ಮಂತ್ರ ಕಳಚಿ, ಹಿಂದೆ ಚಿತ್ರ ಮಾಡಿಟ್ಟಿದ್ದ ಜನರೆಲ್ಲ ಅವನ ಮನೆಯ ಗೋಡೆಗಳಿಂದ ಇಳಿದು ಮೈಮುರಿಯುತ್ತ ಮನೆಗೆ ನಡೆದರು. ಕೆಂಚಾಂಬೆ ಅವನ ಹಿಂದೆ ಒಂದು ಜೋಳದ ಹೊಲ ಬರೆದಳು. ಅಲ್ಲಿ ಅವನು ಬೆದರುಬೊಂಬೆಯಾಗಿ ನಿಂತ. ಆ ಗಾಜನ್ನು ಇವರ ಹೊಲದಲ್ಲಿ ನೆಟ್ಟ ಮೇಲೆ ಒಂದು ಕಾಗೆಯೂ ಇತ್ತ ಸುಳಿಯಲಿಲ್ಲ.

ಆದರೆ ಗಾಜಿನಿಂದ ಬಂದವನಿಗೆ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಊಟಕ್ಕೆ ಕೂತ ಬೊಮ್ಮ ಎಡಗೈಯಲ್ಲಿ ಮುದ್ದೆ ಮುರಿದ. ಚಿಕ್ಕಂದಿನಲ್ಲಿ ಅದೇ ತಪ್ಪಿಗೆ ಸೌಟಿನಿಂದ ಬಾರಿಸುತ್ತಿದ್ದ ತಾಯಿಯನ್ನು ಕಂಡು ಕೈ ಹಿಂದೆಳೆದುಕೊಂಡ.

ತಾಯಿ ಸೌಟು ಎತ್ತಿ ಇನ್ನಷ್ಟು ಸಾರು ಬಡಿಸಿದಳು.

"ಯಾವ ಕೈಯಲ್ಲಾದ್ರೂ ಉಣ್ಣೋ ಮಗನೇ, ನನ್ನ ಕಣ್ಮುಂದೆ ಉಣ್ಣು."